ಖಾಲಿ ಮಂಚದ ಗೊರಕೆ

ಗೊರಕೆ ಹೊಡೆಯುತ್ತಲೇ ನಮ್ಮ ಯಜಮಾನರ ಉಸಿರು ನಿಂತುಬಿಡುತ್ತಿತ್ತು. ವರ್ಷಗಟ್ಟಲೆ ಅವರ ಭುಜ ಅಲುಗಾಡಿಸಿ ಅಲುಗಾಡಿಸಿ ನನ್ನ ನಿದ್ದೆಯೇ ಹಾಳಾಯಿತು. ಕೊನೆಗೆ ಆಪರೇಷನ್ ಮಾಡಿ, ಅಂಗುಳಿನ ಹಿಂದೆ ಜೋತುಬಿದ್ದಿದ್ದ ಮಾಂಸ ತೆಗೆದರು. ಈಗ ಸದ್ದಿಲ್ಲದೆ ಮಲಗುತ್ತಾರೆ.

ಆದರೆ ಮಧ್ಯಾಹ್ನ ಅವರು ಹಾಲ್‌ನಲ್ಲಿ ಪೇಪರ್ ಓದುತ್ತಿರುವಾಗ, ಒಳಗೆ ಖಾಲಿ ಮಂಚದಿಂದ ಅದೇ ಗೊರಕೆ ಕೇಳಿಸುತ್ತದೆ. ನಡುವೆ ನಿಲ್ಲುತ್ತದೆ. ನಾನು ಅಭ್ಯಾಸಬಲದಿಂದ ಹೋಗಿ ದಿಂಬು ಅಲುಗಾಡಿಸುತ್ತೇನೆ. ದಿಂಬು ಬೆಚ್ಚಗಿರುತ್ತದೆ, ಗೊರಕೆ ಮತ್ತೆ ಶುರುವಾಗುತ್ತದೆ. ದೆವ್ವವೋ ಭ್ರಮೆಯೋ, ಯೋಚಿಸುವ ತ್ರಾಣ ನನಗಿಲ್ಲ. ಅವರಿಗೂ ಹೇಳಿರಲಿಲ್ಲ.

ನಿನ್ನೆ ಸಾಕುಸಾಕಾಗಿ ನಾನು ಏಳಲೇ ಇಲ್ಲ. ನಿಂತ ಗೊರಕೆ ನಿಂತೇ ಇತ್ತು. ಅವರು ಪೇಪರ್ ಮಡಚಿಟ್ಟು, ಕುತ್ತಿಗೆ ಸವರಿಕೊಂಡು ಮೆಲ್ಲಗೆ ಹೇಳಿದರು: “ಒಂದ್ಸಲ ಹೋಗಿ ಅಲುಗಾಡಿಸಿ ಬಾರೆ. ಉಸಿರು ಕಟ್ತಾ ಇದೆ.”