ಮಲಾವಿಯಿಂದ ಬಂದ ಫೋನು

"ಮೇಡಂ, ನೀವು ನಗೋದೇ ಇಲ್ಲೇನ್ರಿ?"

ಅಮರ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ತಾಂಡೂರಿನ ತೊಗರಿ ಪ್ರಯೋಗದ ಹೊಲದಲ್ಲಿ ನಿಂತಿದ್ದೆವು. ಪ್ರಶ್ನೆ ಕೇಳಬೇಕಾದವಳು ನಾನು. ನಾನು ವಿಜ್ಞಾನದ ವರದಿಗಾರ್ತಿ, ಅವನು ಗಿಡಗಳ ರೋಗ ಓದಿಕೊಂಡ ವಿಜ್ಞಾನಿ. ಅದೇನೋ ತಮಾಷೆ ಮಾಡಿದ್ದನಂತೆ, ನನಗೆ ಗೊತ್ತೇ ಆಗಿರಲಿಲ್ಲ.

"ನಗೋ ಮಾತಿದ್ರ ಮೊದ್ಲೇ ಹೇಳ್ರಿ, ಬರ್ಕೊತೀನಿ," ಎಂದೆ.

ಅವನು ನಕ್ಕ. ಬಲಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಚೆಂದದ ಗುಳಿ. ಚೆಂದ ಎಂದು ಗುರುತು ಹಾಕಿಕೊಂಡೆ, ಅಷ್ಟೆ. ಒಳಗೆ ಏನೂ ಅಲುಗಲಿಲ್ಲ.

ಅಲುಗದೆ ಆಗಲೇ ಬಹಳ ಕಾಲವಾಗಿತ್ತು. ಕೊರೊನಾ ಬಂದಾಗ ಬೀದರಿನ ಪತ್ರಿಕೆಗೆ ದಿನಾ ಸತ್ತವರ ಸುದ್ದಿ ಬರೆದವಳು ನಾನು. ಮೊದಮೊದಲು ಅಳುತ್ತಾ ಬರೆದೆ, ಆಮೇಲೆ ಚಹಾ ಕುಡಿಯುತ್ತಾ ಬರೆದೆ. ರೋಗ ಹೋಯಿತು, ನಾನು ಹಾಗೇ ಉಳಿದೆ. ನ್ಯಾಲ್ಕಲ್‌ನ ನಮ್ಮ ಮನೆಯಲ್ಲಿ ಅಣ್ಣನಿಗೆ ಮಗು ಹುಟ್ಟಿದಾಗ ಎಲ್ಲರೂ ಪೇಢೆ ಹಂಚುತ್ತಿದ್ದರು, ನಾನು ಕೂಸಿನ ತೂಕ ಎಷ್ಟು ಎಂದು ಕೇಳಿದೆ. "ಧಮ್ಮಶೀಲಾ, ನೀ ಮನಷ್ಯಾಳ ಇಲ್ಲಾ ಗ್ವಾಡಿ?" ಎಂದು ಅವ್ವ ಬೈದಳು. ಗೋಡೆ ಎಂದದ್ದಕ್ಕೂ ನನಗೆ ಬೇಜಾರಾಗಲಿಲ್ಲ.

ಆಗ ನನ್ನ ಜೊತೆ ದಿನಾ ಮಾತಾಡುತ್ತಿದ್ದವಳು ತಮಂಡಾ. ಮಲಾವಿ ದೇಶದವಳು, ನನ್ನಂತೆಯೇ ವಿಜ್ಞಾನ ಬರೆಯುವವಳು. ಆಫ್ರಿಕಾದ ಆ ಸಣ್ಣ ದೇಶದಲ್ಲೂ ತೊಗರಿ ಬೆಳೆಯುತ್ತಾರೆ. ಅಲ್ಲೂ ನೆಟೆರೋಗ ಬಂದು, ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ನಮ್ಮ ದೇಶದ ವಿಜ್ಞಾನ ಪತ್ರಕರ್ತರ ಸಂಘ ಮತ್ತು ಅವರ ಸಂಘ ಕೂಡಿ ನಮ್ಮಿಬ್ಬರನ್ನು ಜೋಡಿ ಮಾಡಿದ್ದವು. ಒಂದು ಬೀಜದ ಕಂಪನಿ ಎರಡೂ ಕಡೆ 'ನೆಟೆರೋಗ ಮುಟ್ಟದ ತೊಗರಿ' ಎಂದು ಮಾರುತ್ತಿತ್ತು. ಅದು ನಿಜವೋ ಸುಳ್ಳೋ ಎಂದು ನಾವು ಬರೆಯಬೇಕು. ವರದಿ ಎರಡೂ ದೇಶಗಳಲ್ಲಿ ಒಂದೇ ದಿನ, ನಮ್ಮಿಬ್ಬರ ಹೆಸರಿನಲ್ಲಿ ಬರಬೇಕು. ಜಹೀರಾಬಾದಿನ ಬಾಡಿಗೆ ಕೋಣೆಯಲ್ಲಿ ಕೂತು ಬರೆಯುವವಳಿಗೆ ಇದಕ್ಕಿಂತ ದೊಡ್ಡದು ಏನಿದೆ? ಈ ಭೂಮಿಯ ಮೇಲೆ ನನಗೆ ಬೇಕು ಅನ್ನಿಸುತ್ತಿದ್ದದ್ದು ಅದೊಂದೇ.

ವಾರಕ್ಕೊಮ್ಮೆ ಸಂಜೆ ಸಂಪಾದಕರೂ ಕೂಡಿ ವಿಡಿಯೋ ಕಾಲ್, ಇಂಗ್ಲಿಷಿನಲ್ಲಿ. ಮಾತು ಶುರುವಾಗುವ ಮುಂಚೆ ಒಂದು ಪದ್ಧತಿ ಇತ್ತು. ವರದಿಯಲ್ಲಿ ಬರುವ ಯಾರ ಜೊತೆಗಾದರೂ ನಂಟಿದ್ದರೆ ಸಂಪಾದಕರ ಎದುರು ಬಾಯಿಬಿಟ್ಟು ಹೇಳಬೇಕು. ಇದ್ದವರು ವರದಿ ಬಿಟ್ಟುಕೊಡಬೇಕು. ತಮಂಡಾ 'ಇಲ್ಲ' ಎನ್ನುತ್ತಿದ್ದಳು, ನಾನೂ 'ಇಲ್ಲ' ಎನ್ನುತ್ತಿದ್ದೆ. ನನ್ನಷ್ಟು ಸಲೀಸಾಗಿ 'ಇಲ್ಲ' ಎನ್ನುವವರು ಎರಡೂ ದೇಶದಲ್ಲಿ ಸಿಗಲಿಕ್ಕಿಲ್ಲ.

ತಾಂಡೂರಿಗೆ ಹೋಗುವುದು ಹೆಚ್ಚಾಯಿತು. ಕೆಲಸ ಇತ್ತಲ್ಲ. ಕಂಪನಿಯ ಬೀಜವನ್ನು ರೋಗದ ಮಣ್ಣಿನಲ್ಲೇ ಬಿತ್ತಿ ನೋಡಿದವನು ನಮ್ಮ ಕಡೆ ಅಮರ್ ಒಬ್ಬನೇ. ಊರು ನಾರಾಯಣಖೇಡ್, ಮಾತು ನಮ್ಮದೇ ಗಡಿ ಕನ್ನಡ.

"ತಗೋರಿ, ಸುಟ್ಟ ತೊಗರಿಕಾಯಿ," ಎಂದ ಒಂದು ದಿನ. "ಇದಕ್ಕೂ ಪುರಾವೆ ಬೇಕೇನ್ರಿ?"

"ಬೇಕು. ಯಾವ ಹೊಲದ್ದು?"

"ರೋಗ ಇಲ್ಲದ ಹೊಲದ್ದು. ನಿಮಗ ರೋಗದ್ದು ತಿನ್ನಸ್ತೀನೇನ್ರಿ ನಾ?"

ಸುಲಿದ ಕಾಳನ್ನು ನನ್ನ ಅಂಗೈಗೆ ಸುರಿದ. ಬೆರಳಿಗೆ ಬೆರಳು ತಾಗಿತು. ಅವನು ಕೈ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ತೆಗೆದರೆ ಕಾಳು ಚೆಲ್ಲುತ್ತವೆ, ಅದಕ್ಕೇ ಎಂದುಕೊಂಡೆ.

ಆಮೇಲೆ ಅವನು ಒಣಗಿದ ಸಾಲುಗಳನ್ನು ತೋರಿಸಿದ. "ಕಂಪನಿ ಬೀಜ ತಡಕೊಳ್ಳಂಗಿಲ್ರಿ. ಆದ್ರ ಒಂದ್ ಮಾತು ಬಿಡದೆ ಬರೀರಿ. ಹೋದ ವರ್ಷ ಬಿತ್ತಾಕ ತಡ ಮಾಡ್ದೆ. ತಪ್ಪು ನಂದೇ. ಆ ವರ್ಷದ ಫಲಿತಾಂಶ ಹಿಡೀಬ್ಯಾಡ್ರಿ. ಈ ವರ್ಷದ್ದು ಪಕ್ಕಾ ಅದ."

ಬರೆದುಕೊಂಡೆ. ಕೋಣೆಗೆ ಬಂದು ವರದಿ ಬರೆದು, ತಮಂಡಾಳಿಗೆ ಕಳಿಸುವ ಮುಂಚೆ ಓದಿದೆ. ಆ ಮಾತು ಇರಲಿಲ್ಲ.

ಅಳಿಸಿದವಳು ನಾನೇ. ಬರೆಯುವಾಗ ಒಂದು ಕ್ಷಣ ಕಣ್ಣ ಮುಂದೆ ಬಂದಿತ್ತು: ಕಂಪನಿಯವರು ಇದೊಂದೇ ಮಾತು ಹಿಡಿದು ಅವನ ಮಾನ ಹರಾಜು ಹಾಕುತ್ತಾರೆ. ಕೈ ತಾನಾಗಿ ಅಳಿಸಿಬಿಟ್ಟಿತ್ತು.

ಯಾರ ಮಾತನ್ನೂ ನಾನು ಹೀಗೆ ಮುಚ್ಚಿಟ್ಟವಳಲ್ಲ. ಮಂತ್ರಿಯದ್ದಾಗಲಿ, ದೊಡ್ಡ ಡಾಕ್ಟರದ್ದಾಗಲಿ, ಆಡಿದ್ದನ್ನು ಆಡಿದಂತೆ ಬರೆದಿದ್ದೇನೆ. ಇವನನ್ನು ಯಾಕೆ ಕಾಪಾಡಲು ಹೋದೆ? ಎದೆ ಡವಡವ ಅನ್ನಲಿಲ್ಲ, ಕಣ್ಣು ತುಂಬಲಿಲ್ಲ. ಆದರೆ ಪುರಾವೆ ಎದುರಿಗೇ ಇತ್ತು. ನಾನು ಅಮರ್‌ನನ್ನು ಪ್ರೀತಿಸುತ್ತಿದ್ದೆ. ನನಗಿಂತ ಮೊದಲು ನನ್ನ ಕೈಗೆ ಅದು ಗೊತ್ತಾಗಿತ್ತು.

ಅವನ ಮಾತನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದಿನ ಕಾಲ್‌ನಲ್ಲಿ ಸಂಪಾದಕರು ಎಂದಿನಂತೆ ಕೇಳಿದರು. ತಮಂಡಾ 'ಇಲ್ಲ' ಎಂದಳು. ನಾನು 'ಇದೆ' ಎಂದೆ.

"ಯಾರ ಜೊತೆ?"

"ತಾಂಡೂರಿನ ವಿಜ್ಞಾನಿ ಜೊತೆ."

"ಎಂಥ ನಂಟು?"

"ಪ್ರೀತಿ," ಎಂದೆ. ತಾಂಡೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲೇ ಹೇಳಿದೆ.

ತಮಂಡಾ ಕ್ಯಾಮೆರಾ ಹತ್ತಿರ ಬಂದಳು. "ಅವನಿಗೆ ಗೊತ್ತಾ?"

"ಇಲ್ಲ."

"ಅವನ ಮನಸ್ಸಲ್ಲಿ ಏನಿದೆ?"

"ಕೇಳಿಲ್ಲ."

ಸಂಪಾದಕರು ಕೆಮ್ಮಿದರು. ಹೇಳದೇ ಇರುವ ಪ್ರೀತಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಅವರಿಗೂ ಅನುಮಾನ ಬಂದಿರಬೇಕು. "ಬರುತ್ತೆ, ಅವನ ತಪ್ಪನ್ನು ನಾನು ಅಳಿಸಿದ್ದೆ," ಎಂದೆ. ವರದಿಯಿಂದ ನನ್ನ ಹೆಸರು ಹೋಯಿತು. ಇನ್ನು ತಮಂಡಾ ಒಬ್ಬಳೇ ಅಮರ್‌ಗೆ ಫೋನ್ ಮಾಡಿ, ಎಲ್ಲವನ್ನೂ ಹೊಸದಾಗಿ ಕೇಳಿ ಬರೆಯಬೇಕು. ಲ್ಯಾಪ್‌ಟಾಪ್ ಮುಚ್ಚಿ ಅನ್ನಕ್ಕಿಟ್ಟೆ.

ಭಾನುವಾರ ಅಮರ್‌ನ ಫೋನು ಬಂತು. "ಜಹೀರಾಬಾದ್ ಬಸ್ ಸ್ಟ್ಯಾಂಡಿನಾಗ ಅದೀನ್ರಿ. ಬರ್ತೀರೇನು?"

ಹೋದೆ. ಗುಳಿ ಇರಲಿಲ್ಲ, ಮುಖ ಬಿಗಿದಿತ್ತು. ಕಲ್ಲು ಬೆಂಚಿನ ಮೇಲೆ ಕೂತೆವು.

"ಮಲಾವಿಯಿಂದ ಫೋನ್ ಬಂದಿತ್ತು," ಎಂದ. "ನೀವು ಸುದ್ದಿ ಬಿಟ್ಟೀರಂತ. ಯಾಕ ಅಂದೆ, ಆಕಿ ಹೇಳವಲ್ಲಳು. ನನ್ನ ಕೆಲಸದ ಮ್ಯಾಲ ನಂಬಿಕಿ ಇಲ್ಲದಕ್ಕ ಬಿಟ್ಟೀರಿ, ಹೌದಿಲ್ರಿ? ತಪ್ಪು ಒಪ್ಕೊಂಡವ ಅಂತ?"

"ಅಲ್ರಿ."

"ಮತ್ತ?"

ನಾರಾಯಣಖೇಡಿಗೆ ಹೊರಟ ಬಸ್ಸನ್ನು ಅವನು ನೋಡುತ್ತಾ ಕೂತ. ಸಿಟ್ಟು ಅರ್ಧ ಇಳಿದಿರಬೇಕು.

"ಆಕಿ ಮೊದ್ಲಿಗೇ ಒಂದು ಕೇಳಿದ್ಳು. ಈ ಸುದ್ದಿ ಶುರು ಮಾಡಿದ ಶೀಲಾ ಜೊತಿ ನಿಮಗ ಏನರ ನಂಟು ಅದೇನು ಅಂತ."

"ಏನಂದ್ರಿ?"

"ಅದ ಅಂದೆ." ಕಿವಿ ಕೆಂಪಾಗಿತ್ತು. "ಆಕಿ ಜೋರ್ ನಕ್ಳು. ನನ್ನ ದಿಲ್ ಇಲ್ಲಿ ಸುಡಾಕತ್ತದ, ಆಕಿ ಅಲ್ಲಿ ನಗಾಕತ್ಯಾಳ. ಯಾಕ ನಗ್ತೀ ಅಂದ್ರ, ಅದನ್ನೂ ಹೇಳಲಿಲ್ಲ. ಶೀಲಾಗೇ ಹೋಗಿ ಕೇಳು ಅಂದ್ಳು. ಹೇಳ್ರಿ, ಆಕಿ ಯಾಕ ನಕ್ಳು?"

"ಯಾಕಂದ್ರ," ಎಂದೆ, "ನಾನೂ ಆಕಿಗಿ ಅದನ್ನೇ ಹೇಳಿದ್ದೆ."

ಅವನು ನಿಧಾನಕ್ಕೆ ನನ್ನ ಕಡೆ ತಿರುಗಿದ. ಕೈ ಬಂದು ನನ್ನ ಕೈ ಮೇಲೆ ಕೂತಿತು. ಈ ಸಲ ಚೆಲ್ಲಲಿಕ್ಕೆ ಕಾಳಿರಲಿಲ್ಲ.

"ನಿಮ್ಮ ಹೆಸರು ಹೋತಲ್ರಿ," ಎಂದ.

"ಹೋತು."

ಹಾಗೆಂದ ಮೇಲೆ ಅದು ನೋಯತೊಡಗಿತು. ಜೋಮು ಹಿಡಿದ ಕಾಲಿಗೆ ಜೀವ ಬರುವಾಗ ಮೊದಲು ಚುಚ್ಚುತ್ತದಲ್ಲ, ಹಾಗೆ. ಹೆಸರು ಹೋದದ್ದು ಚುಚ್ಚಿತು, ಆ ಕೈಯ ಬಿಸಿ ಚುಚ್ಚಿತು, ಅಣ್ಣನ ಕೂಸನ್ನು ಇನ್ನೂ ಎತ್ತಿಕೊಂಡಿಲ್ಲ ಎನ್ನುವುದೂ ಚುಚ್ಚಿತು.

"ಶೀಲಾ, ನೀವು ಅಳಾಕತ್ತೀರಿ."

"ಖರೇನ?" ಎಂದು ಕೆನ್ನೆ ಮುಟ್ಟಿ ನೋಡಿಕೊಂಡೆ. ಒದ್ದೆಯಾಗಿತ್ತು.