ಗಾಳದ ಕೋಲು ಒಣಗುವವರೆಗೆ

"ಕೈ ನಿಲ್ಲಿಸಬೇಡ," ಎಂದಳು ಅತ್ತೆ, ಚಪ್ಪಲಿ ಮೆಟ್ಟುತ್ತಾ. "ಎರಡು ಗಂಟೆ ಮೆಲ್ಲಗೆ ತಿರುಗಿಸ್ತಾನೇ ಇರಬೇಕು. ನಿಂತ್ರೆ ವಾರ್ನಿಶ್ ಒಂದೇ ಕಡೆ ಇಳಿದುಬಿಡುತ್ತೆ. ಒಣಗಿದೆಯಾ ಅಂತ ಕೋಲನ್ನ ಮುಟ್ಟಬೇಡ. ಬಟ್ಟಲಲ್ಲಿ ಉಳಿದಿರೋದಕ್ಕೆ ಕಡ್ಡಿ ಚುಚ್ಚಿ ನೋಡು. ಅಂಟದಿದ್ರೆ ಆಯ್ತು ಅಂತ."

ಹುಡುಗಿ ಹೂಂಗುಟ್ಟಿದಳು. ಅತ್ತೆ ಅಂಗಡಿಗೆ ಹೋದಳು.

ಮೇಜಿನ ಮೇಲೆ, ಎರಡು ಮರದ ಕವೆಗಳ ನಡುವೆ ಹುಡುಗಿಯದೇ ಗಾಳದ ಕೋಲು ಮಲಗಿತ್ತು. ಮೀನು ಹಿಡಿಯುವ ಕೋಲು ಮಾಡುವುದು ಅತ್ತೆಯ ಕೆಲಸ. ಮನೆಯ ಕೆಳಗಿನ ಕೋಣೆಯೇ ಅವಳ ವರ್ಕ್‌ಶಾಪ್. ಆದರೆ ಈ ಕೋಲನ್ನು ಅತ್ತೆ ಮುಟ್ಟಿರಲಿಲ್ಲ, ಬರೀ ಬಾಯಲ್ಲಿ ಹೇಳಿಕೊಟ್ಟಿದ್ದಳು.

ಮನೆಯಲ್ಲಿ ಎಲ್ಲರೂ ಹುಡುಗಿಯನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಒಮ್ಮೆ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಅಮ್ಮನ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋದವಳು ಅವಳು. ಈ ಕೋಲಿನ ವಿಷಯದಲ್ಲಿ ಮಾತ್ರ ಹಲ್ಲು ಕಚ್ಚಿ ತಾಳ್ಮೆ ತಂದುಕೊಂಡಿದ್ದಳು. ಹಿಡಿಯನ್ನು ಉಜ್ಜಿ ಉಜ್ಜಿ ತನ್ನ ಮುಷ್ಟಿಯ ಅಳತೆಗೆ ತಂದಿದ್ದಳು. ಕೋಲನ್ನು ನೆಲಕ್ಕೆ ಊರಿ, ಬಗ್ಗಿಸಿ, ಯಾವ ಕಡೆ ಬಾಗಲು ಅದಕ್ಕೆ ಇಷ್ಟ ಎಂದು ಕಂಡುಹಿಡಿದಿದ್ದಳು. ಪ್ರತಿ ಕೋಲಿಗೂ ಅಂಥ ಒಂದು ಕಡೆ ಇರುತ್ತದಂತೆ. ಗಾಳದ ದಾರ ಹಾಯಲು ಆರು ಪುಟ್ಟ ರಿಂಗುಗಳನ್ನಿಟ್ಟು, ಹಸಿರು ನೂಲು ಸುತ್ತಿ ಬಿಗಿದಿದ್ದಳು. ಸೊಟ್ಟಗಾಯಿತೆಂದು ನಾಲ್ಕು ಸಲ ಬಿಚ್ಚಿ ಸುತ್ತಿದ್ದಳು. ಈಗ ನೂಲಿನ ಮೇಲೆ ವಾರ್ನಿಶ್ ಒಣಗಿದರೆ ಮುಗಿಯಿತು.

ನಾಳೆ ಭಾನುವಾರ. ಅಪ್ಪ ಲಾರಿ ಓಡಿಸುತ್ತಾನೆ. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ಅಮ್ಮ ಹಂಗಿಸುವುದುಂಟು. ವಾರಕ್ಕೊಂದು ದಿನ ಬರುತ್ತಾನೆ, ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗುತ್ತಾನೆ, ಸಂಜೆ ಹೊರಟೇಬಿಡುತ್ತಾನೆ. ಕೆರೆಗೆ ಹೋಗೋಣ ಎಂದ ಮಾತು ಮೂರು ಭಾನುವಾರ ತಪ್ಪಿತ್ತು. ಈ ಸಲ ಖಂಡಿತ ಎಂದು ಫೋನಿನಲ್ಲಿ ಹೇಳಿದ್ದ. ತನ್ನ ಕೋಲು ಬಾಗುವುದನ್ನು ಅಪ್ಪ ಕಣ್ಣಾರೆ ನೋಡಬೇಕು ಎಂಬುದೊಂದೇ ಅವಳಾಸೆ.

ಹುಡುಗಿ ಕೋಲು ತಿರುಗಿಸಿದಳು. ಕಿಟಕಿಯ ಬಳಿ ಬಕೆಟ್ಟಿನ ನೀರಿಗೆ ಬಿಸಿಲು ಬಿದ್ದು, ಚಾವಣಿಯ ಮೇಲೆ ಬೆಳಕಿನ ಗೆರೆಗಳು ಅಲುಗುತ್ತಿದ್ದವು. ನೋಡುತ್ತಾ ನೋಡುತ್ತಾ ಚಾವಣಿಯೇ ಕೆರೆಯಾಯಿತು. ಅವಳು ಕೆರೆಯ ತಳದಲ್ಲಿದ್ದಳು. ಮೇಲೆ ಒಂದು ದೊಡ್ಡ ಮೀನು ಬಾಲ ಆಡಿಸುತ್ತಾ ಹೋಯಿತು. ಅದರ ಹಿಂದೆ ಮರಿಗಳು, ಶಾಲೆ ಬಿಟ್ಟ ಮಕ್ಕಳ ಹಾಗೆ. ಎಲ್ಲಿಂದಲೋ ಅಪ್ಪನ ನಗು ಕೇಳಿಸಿತು.

ಎಚ್ಚರವಾದಾಗ ಅವಳ ಕೈ ನಿಂತಿತ್ತು.

ಮೂರನೆಯ ರಿಂಗಿನ ಕೆಳಗೆ ವಾರ್ನಿಶ್ ಹನಿಯಾಗಿ ಜೋತುಬಿದ್ದು ಗಟ್ಟಿಯಾಗಿತ್ತು. ರಿಂಗಿನ ತೂತೂ ಅರ್ಧ ಮುಚ್ಚಿತ್ತು. ಉಗುರಿನಿಂದ ಕೆರೆದಳು, ಗೀರು ಬಿತ್ತು. ಕೊನೆಗೆ ಗಂಟು ಕಾಣದಂತೆ ಆ ಭಾಗವನ್ನು ಕೆಳಗೆ ಮಾಡಿ, ಏನೂ ಆಗದವಳಂತೆ ಕುಳಿತಳು.

ಅತ್ತೆ ಬಂದವಳೇ ಕೋಲಿನ ಮೇಲೆ ಬೆರಳು ಎಳೆದಳು. ಬೆರಳು ಮೂರನೆಯ ರಿಂಗಿನಲ್ಲಿ ನಿಂತಿತು.

"ಮಳ್ಳಿ ಮಳ್ಳಿ, ಮಂಚಕ್ಕೆಷ್ಟು ಕಾಲು?"

"ಮೂರು ಮತ್ತೊಂದು," ಎಂದಳು ಹುಡುಗಿ.

ಅತ್ತೆ ಬೈಯಲಿಲ್ಲ. ಗಾಳದ ದಾರ ಇಲ್ಲೇ ಸಿಕ್ಕಿಕೊಳ್ಳುತ್ತದೆ, ಮೀನು ಎಳೆದರೆ ಕಿತ್ತೇಹೋಗುತ್ತದೆ ಎಂದು ತೋರಿಸಿದಳು. ನೂಲು ಕತ್ತರಿಸಿ ಹೊಸದಾಗಿ ಸುತ್ತಿದರೆ ಸರಿಯಾಗುತ್ತದೆ, ಆದರೆ ನಾಳೆ ಮತ್ತೆ ಎರಡು ಗಂಟೆ ತಿರುಗಿಸಿ, ಇಡೀ ದಿನ ಹಾಗೇ ಬಿಡಬೇಕು. ಇಲ್ಲವೇ ನಾಳೆಗೆ, ಅಂಗಡಿಗೆಂದು ಅತ್ತೆ ಮಾಡಿಟ್ಟ ಕೋಲೊಂದನ್ನು ಒಯ್ಯಬಹುದು. ಯೋಚನೆ ಮಾಡು ಎಂದು ಹೇಳಿ ಮೇಲೆ ಹೋದಳು.

ಹುಡುಗಿ ಗೋಡೆಗೆ ಒರಗಿಸಿದ್ದ ಅಂಗಡಿಯ ಕೋಲುಗಳನ್ನು ನೋಡಿದಳು. ಒಂದನ್ನು ಹಿಡಿದಳು. ಹಿಡಿ ದಪ್ಪವಾಗಿತ್ತು, ಬೆರಳು ಸುತ್ತಿ ಬರಲಿಲ್ಲ. ಅದನ್ನು ಅಲ್ಲೇ ಇಟ್ಟು ಬ್ಲೇಡು ತೆಗೆದುಕೊಂಡಳು. ಮೂರನೆಯ ರಿಂಗಿನ ಹಸಿರು ನೂಲು ತುಂಡು ತುಂಡಾಗಿ ಮೇಜಿನ ಮೇಲೆ ಬಿತ್ತು.

ಬೆಳಿಗ್ಗೆ ಅವಳು ಹೊಸ ನೂಲಿಗೆ ವಾರ್ನಿಶ್ ಹಚ್ಚಿ ತಿರುಗಿಸತೊಡಗಿದಾಗ ಅಪ್ಪ ಮೆಟ್ಟಿಲಿಳಿದು ಬಂದ. ತಲೆಗೆ ಟೋಪಿ, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ. ಹೊರಡೋಣವೇ ಎಂದು ವಾಚು ನೋಡಿಕೊಂಡ.

ಹುಡುಗಿ ತಲೆ ಎತ್ತದೆ ನಡೆದದ್ದನ್ನೆಲ್ಲ ಹೇಳಿದಳು. "ನನ್ನಿಂದಾನೇ ಹಾಳಾಯ್ತಪ್ಪಾ. ಇವತ್ತು ಕೆರೆಗೆ ಹೋಗಕ್ಕಾಗಲ್ಲ."

ಅಪ್ಪ ಬಗ್ಗಿ ಮೂರನೆಯ ರಿಂಗನ್ನು ನೋಡಿದ. ಆಮೇಲೆ ಟೋಪಿ ತೆಗೆದು ಮೊಳೆಗೆ ನೇತುಹಾಕಿದ.

"ಅಲ್ಲಿ ಹೋಗಿ ಏನ್ಮಾಡ್ತಿದ್ವಿ? ಕೂತ್ಕೋತಿದ್ವಿ. ಇಲ್ಲೇ ಕೂತ್ರಾಯ್ತು."

ಸ್ಟೂಲ್ ಎಳೆದುಕೊಂಡು ಕೋಲಿಗೆ ಕೈ ಹಾಕಿದ. ಅದು ಗಿರಗಿರನೆ ತಿರುಗಿತು.

"ಮೆಲ್ಲಗೆ, ಅಪ್ಪಾ. ಇದು ಸ್ಟೀರಿಂಗ್ ಅಲ್ಲ."

ಅಪ್ಪ ನಕ್ಕು ಮೆಲ್ಲಗೆ ತಿರುಗಿಸಿದ. ಅವನ ಕೈ ಸೋತಾಗ ಇವಳು, ಇವಳ ಕೈ ಸೋತಾಗ ಅವನು. ಒಂದು ಕೈಯಲ್ಲೇ ಡಬ್ಬಿ ಬಿಚ್ಚಿ ಉಂಡರು. ನೂಲು ಯಾಕೆ ಹಸಿರು ಎಂದು ಅಪ್ಪ ಕೇಳಿದ. ಮೀನಿಗೆ ಪಾಚಿ ಅನ್ನಿಸಲಿ ಎಂದು ಇವಳು ಹೇಳಿದಳು. ಬಿಸಿಲು ಬಕೆಟ್ಟಿಗೆ ಬಂತು. ಚಾವಣಿಯ ಮೇಲೆ ಬೆಳಕು ಅಲುಗತೊಡಗಿತು. ಅದು ಕೆರೆ ಎಂದು ಹುಡುಗಿ ತೋರಿಸಿದಳು. ಅಪ್ಪ ಕತ್ತೆತ್ತಿ ಬಹಳ ಹೊತ್ತು ನೋಡಿದ.

"ಎಷ್ಟು ಸೇತುವೆ ದಾಟಿದೀನಿ," ಎಂದ ಮೆಲುದನಿಯಲ್ಲಿ. "ಒಂದು ಹೊಳೆನೂ ಸರಿಯಾಗಿ ನೋಡಿಲ್ಲ ಕಣೇ."

ಅವನ ಕಾಲುಗಳು ಚಪ್ಪಲಿ ಬಿಟ್ಟು ನೆಲದ ಮೇಲೆ ಚಾಚಿದ್ದವು. ವಾಚು ನೋಡುವುದನ್ನು ಅವನು ಯಾವಾಗಲೋ ಮರೆತಿದ್ದ. ಮೇಲೆ ದೊಡ್ಡ ಮೀನು ಮತ್ತೊಮ್ಮೆ ಹಾದುಹೋಯಿತು. ಈ ಸಲ ಹುಡುಗಿಯ ಕೈ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಟ್ಟಲಿಗೆ ಕಡ್ಡಿ ಚುಚ್ಚಿ ನೋಡಿದಳು. ಕಡ್ಡಿ ಅಂಟಲಿಲ್ಲ.

"ಆಯ್ತಾ?" ಎಂದು ಕೇಳಿದ ಅಪ್ಪ, ಚಾವಣಿಯಿಂದ ಕಣ್ಣು ತೆಗೆಯದೆ.

ಗಡಿಬಿಡಿ ಕಡ್ಡಿಯನ್ನು ಮೆಲ್ಲನೆ ಮೇಜಿನ ಕೆಳಗೆ ಬಿಟ್ಟಳು.

"ಇನ್ನೂ ಸ್ವಲ್ಪ ಹೊತ್ತು, ಅಪ್ಪಾ," ಎಂದು ಕೋಲು ತಿರುಗಿಸಿದಳು.