ಕಪ್ಪು ಹಂಸದ ಯೂನಿಫಾರಂ

‘ರಣದ್ವೀಪ’ ಎಂಬ ಮೊಬೈಲ್ ಆಟದ ಕಂಪನಿ ಕೊಟ್ಟ ಮಾತನ್ನು ನುಂಗಿತು, ಅದೂ ಹಬ್ಬದ ಆಫರಿನ ಹೆಸರಿನಲ್ಲಿ. ಆಟದೊಳಗಿನ ಸೈನಿಕನಿಗೆ ತೊಡಿಸುವ ಕಪ್ಪು ಹಂಸದ ವೇಷ ಒಂದೇ ಸಲ ಸಿಗುವುದು, ಮತ್ತೆಂದೂ ಬರುವುದಿಲ್ಲ ಎಂದಿದ್ದರು. ಅದನ್ನು ಗೆಲ್ಲಲು ಬಕ್ಕೇಶ್ ಸ್ವಂತ ತಂಗಿಯ ನಿಶ್ಚಿತಾರ್ಥದ ದಿನ ಊಟದ ಪಂಕ್ತಿ ಬಿಟ್ಟು ಛತ್ರದ ಮೆಟ್ಟಿಲ ಮೇಲೆ ಕೂತು ಆಡಿದ್ದ. ತಂಗಿ ಪೂಜಾ ಇವತ್ತಿಗೂ ಆ ಮಾತು ಎತ್ತುತ್ತಾಳೆ. ಎತ್ತಲಿ. ದಾವಣಗೆರೆಯಿಂದ ಹರಿಹರದವರೆಗೆ ಆಡುವವರೆಲ್ಲ ಅವನನ್ನು ಹಂಸದ ಬಕ್ಕೇಶಣ್ಣ ಎನ್ನುತ್ತಿದ್ದರು. ಪಿ.ಜೆ. ಬಡಾವಣೆಯ ಅವನ ಮೊಬೈಲ್ ರಿಪೇರಿ ಅಂಗಡಿಗೆ ಬೋರ್ಡಿಗಿಂತ ಆ ಹೆಸರು ನೋಡಿ ಬರುವವರೇ ಹೆಚ್ಚು. ಈಗ ಹಬ್ಬದ ಆಫರಿನಲ್ಲಿ ಬಟನ್ ಒತ್ತಿದವರೆಲ್ಲ ಹಂಸ.

ಭಾನುವಾರ ಹರಿಹರದ ಹೊಳೆದಂಡೆಯಲ್ಲಿ ತಂಡ ಸೇರಿದಾಗ ಬೇಕರಿಯ ಫೈಸಲ್ ಅದೇ ವೇಷ ತೊಟ್ಟು ಆಟಕ್ಕಿಳಿದ.

“ಬಕ್ಕೇಶಣ್ಣ, ನಿಮ್ದೂ ನಮ್ದೂ ಈಗ ಒಂದೇ ಯೂನಿಫಾರಂ. ನಾಳೆ ಪ್ರೇಯರಿಗೆ ಲೈನಿನಾಗ ನಿಂದ್ರೋಣೇನ್ರಿ?”

ಬಕ್ಕೇಶನ ಮುಖ ನೋಡಿ ತಂಡದ ಓಬಯ್ಯ ಇನ್ನೊಂದು ಸೇರಿಸಿದ. “ಅಣ್ಣಂಗೆ ಏನೋ ಮೆಟ್ಟಿಕೊಂಡೈತೆ, ದೆವ್ವ ಬಿಡಿಸಾಕೆ ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡು ಹೋಗ್ರಪ್ಪ.”

ಎಲ್ಲರ ಜೊತೆ ಬಕ್ಕೇಶನೂ ನಕ್ಕ. ಸಂಜೆ ಎಲ್ಲರೂ ಆಡುತ್ತ ಕೈಯಿಂದ ಕೈಗೆ ದಾಟಿಸುತ್ತಿದ್ದ ಫೈಸಲನ ಫೋನು ಕಲ್ಲಿನ ಮೇಲೆ ಬಿದ್ದು ಗಾಜು ಒಡೆಯಿತು. “ನಾಳೆ ಅಂಗಡಿಗೆ ತಾರಪ್ಪ, ಹಾಕಿಕೊಡ್ತೀನಿ” ಎಂದ ಬಕ್ಕೇಶ್, ಮೆತ್ತಗೆ. ಅಷ್ಟರಲ್ಲಿ ಯೋಜನೆ ಪೂರ್ತಿ ಮೂಡಿಯಾಗಿತ್ತು.

ಸೋಮವಾರ ಬೆಳಿಗ್ಗೆ ಫೈಸಲ್ ಫೋನೂ ಕೊಟ್ಟ, ಅದರ ಲಾಕ್ ನಂಬರೂ ಹೇಳಿದ.

“ಸಂಜಿ ತನಕ ಆಟ ಇಲ್ದಂಗೆ ಹೆಂಗಿರ್ಲಣ್ಣ?”

“ಬೇಕರಿಯಾಗ ಕೂತು ನಿಮ್ಮಮ್ಮಿ ಕೂಟ ಮಾತಾಡು. ಯಾರಿವನು ಅಂತ ಕೇಳಿದ್ರೆ ಹೆಸರು ಹೇಳು.”

ಮಧ್ಯಾಹ್ನ ಬಕ್ಕೇಶ್ ಶಟರ್ ಅರ್ಧ ಎಳೆದ. ಹೊಸ ಗಾಜು ಡ್ರಾಯರಿನಲ್ಲೇ ಇತ್ತು, ಆದರೆ ಹಾಕಲಿಲ್ಲ. ಒಡೆದ ಗಾಜೇ ಅವನ ಸಾಕ್ಷಿ. ಪರದೆಯ ಮೇಲ್ತುದಿಗೆ ಮಸಿ ಚೆಲ್ಲಿದಂತೆ ಕಪ್ಪು ಹರಡಿತ್ತು. ನಾಳೆ ತನ್ನ ಮೇಲೆ ಅನುಮಾನ ಬಂದರೆ, ಇಂಥದ್ದರಲ್ಲಿ ಯಾರಾದರೂ ಆಡುತ್ತಾರೆಯೇ ಎಂದು ಅವನೇ ಕೇಳಬಹುದು. ಅಂಗಡಿಯ ವೈಫೈ ಮುಟ್ಟದೆ ಫೈಸಲನ ಸಿಮ್ಮನ್ನೇ ಬಳಸಿದ. ಹಾರಿಸಿದ ಗುಂಡೆಲ್ಲ ತಾನಾಗಿಯೇ ಗುರಿಗೆ ತಾಕುವಂತೆ ಮಾಡುವ ಒಂದು ಕಳ್ಳ ಆ್ಯಪ್ ಹಾಕಿದ. ಅಂಥದ್ದು ಹಿಡಿದರೆ ಕಂಪನಿ ಖಾತೆಯನ್ನೇ ಮುಚ್ಚುತ್ತದೆ. ವೇಷ, ಪದಕ, ಹೆಸರು, ಎಲ್ಲ ಹೋಗುತ್ತದೆ. ಮೇಲ್ಮನವಿಯಿಲ್ಲ.

ಆಟ ತೆರೆದಾಗ ಕಪ್ಪು ಹಂಸ ರೆಕ್ಕೆ ಬಿಚ್ಚಿ ನಿಂತಿತು. ಬಕ್ಕೇಶನ ಹೊಟ್ಟೆ ಉರಿಯಿತು. ಆಡತೊಡಗಿದರೆ ಗುಂಡಿನ ಬಟನ್, ಜಿಗಿಯುವ ಬಟನ್, ಎಲ್ಲವೂ ಅವನ ಬೆರಳು ಹೋಗುವ ಜಾಗದಲ್ಲೇ ಕೂತಿದ್ದವು. ಕಳ್ಳ ನನ್ಮಗ, ಇದನ್ನೂ ನಕಲು ಮಾಡಿದ್ದಾನೆ ಎಂದುಕೊಂಡ. ಇದ್ದಬದ್ದ ಕರುಣೆಯೂ ಹೋಯಿತು. ಬೇಕೆಂದೇ ನಾಚಿಕೆಯಿಲ್ಲದೆ ಆಡಿದ. ಗೋಡೆಯಾಚೆ ಇದ್ದವರನ್ನೂ ಉರುಳಿಸಿದ. ಸ್ವಲ್ಪ ಹೊತ್ತಿಗೆ ಆಟ ಗಕ್ಕನೆ ನಿಂತು ಪರದೆಯ ನಡುವೆ ಕೆಂಪು ಪಟ್ಟಿ ಬಂತು: ಮೋಸದಾಟದ ಕಾರಣ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.

ಬಕ್ಕೇಶ್ ಕಳ್ಳ ಆ್ಯಪ್ ಅಳಿಸಿದ, ಫೋನ್ ಆಫ್ ಮಾಡಿದ, ಹೊಸ ಗಾಜು ಕೂರಿಸಿ ಬಟ್ಟೆಯಿಂದ ಒರೆಸಿಟ್ಟ. ಆನ್ ಮಾಡಿ ನೋಡಲಿಲ್ಲ. ಆ ಭಾಗ್ಯ ಫೈಸಲನಿಗೇ ಇರಲಿ, ತಾನು ಅವನ ಮುಖ ನೋಡಿದರೆ ಸಾಕು.

ಸಂಜೆ ಫೈಸಲ್ ಬಂದ. ಕೈಯಲ್ಲಿ ಬೇಕರಿಯ ಖಾರದ ಬನ್ನಿನ ಪೊಟ್ಟಣ.

“ಕೂಡಪ್ಪ. ಆಡಿ ನೋಡು, ಟಚ್ ಸರಿ ಐತೋ ಇಲ್ಲೋ.”

ಫೈಸಲ್ ನಿಂತೇ ಆಟ ತೆರೆದ. ಕೆಂಪು ಪಟ್ಟಿ ಓದಿ ಅವನ ಮುಖ ಬಿಳಿಚಿತು. ಬಕ್ಕೇಶ್ ಸಿದ್ಧಮಾಡಿಟ್ಟಿದ್ದ ಅಯ್ಯೋ ಪಾಪವನ್ನು ನಾಲಿಗೆಯ ತುದಿಗೆ ತಂದುಕೊಂಡ. ಆದರೆ ಫೈಸಲನ ಕಣ್ಣು ಹೊಸ ಗಾಜಿನ ಮೇಲ್ಮೂಲೆಯಲ್ಲಿ, ಮಧ್ಯಾಹ್ನ ಮಸಿ ಮುಚ್ಚಿದ್ದ, ಆಟಗಾರನ ಹೆಸರು ಇರುವ ಕಡೆ ನಿಂತಿತ್ತು. “ಅಣ್ಣ, ಇದು ನಿಮ್ಮ ಖಾತೆ” ಎಂದ ಮೆಲ್ಲಗೆ. “ನಿನ್ನೆ ನಿಮ್ಮ ಫೋನಿನ ಚಾರ್ಜ್ ಮುಗೀತು. ದೊಡ್ಡೋರು ಸುಮ್ನೆ ಕೂಡೋದು ಬ್ಯಾಡ ಅಂತ ನಂದು ಕೊಟ್ಟೆ, ನಿಮ್ಮ ಖಾತೆ ಹಾಕ್ಕೊಂಡು ಆಡಿದ್ರಿ, ತೆಗೆಯೋದು ಮರೆತ್ರಿ. ಗಾಜು ಒಡೆದ ಮ್ಯಾಲೆ ನಾನು ತೆರೆದೇ ಇಲ್ಲ.” ಇನ್ನೊಮ್ಮೆ ಪಟ್ಟಿ ಓದಿ ಬಕ್ಕೇಶನನ್ನು ನೋಡಿದ. “ಹಂಗಾದ್ರೆ ಆವತ್ತು ಹಂಸನೂ ಹಿಂಗೇ ಗೆದ್ರೇನ್ರಿ?”